ಮರಳಿನ ಅಚ್ಚು, ಯುದ್ಧದ ಆತುರ

ಕೆಜಿಎಫ್ ಕಡೆಯವರಿಗೆ ಸೈನೈಡ್ ಗುಡ್ಡ ಎಂದರೆ ಏನೆಂದು ವಿವರಿಸಬೇಕಿಲ್ಲ. ಆಷಾಢದ ಗಾಳಿ ಎದ್ದರೆ ಸಾಕು, ಗುಡ್ಡದ ಬೂದು ಪುಡಿ ಕಿಟಕಿ ಸಂದಿಯಲ್ಲಿ ನುಸುಳಿ ಹಾಸಿಗೆಯ ಮೇಲೂ ಊಟದ ತಟ್ಟೆಯ ಮೇಲೂ ಕೂರುತ್ತದೆ. ನೆಲದಾಳದಿಂದ ತಂದ ಬೆಣಚುಕಲ್ಲನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಬೇರ್ಪಡಿಸಿಕೊಂಡು, ಮಿಕ್ಕಿದ್ದನ್ನು ಸುರಿದ ರಾಶಿ ಅದು. 2001ರಲ್ಲಿ ಗಣಿ ಮುಚ್ಚಿತು, ಗುಡ್ಡ ಉಳಿಯಿತು. ರಜೆಯಲ್ಲಿ ಅಲ್ಲಿನ ನೆಂಟರ ಮನೆಗೆ ಹೋಗುತ್ತಿದ್ದ ನನಗೆ ಸಿಲಿಕಾ, ಅಂದರೆ ಬೆಣಚಿನಲ್ಲೂ ಮರಳಿನಲ್ಲೂ ಇರುವ ವಸ್ತು, ಪಠ್ಯಪುಸ್ತಕದಲ್ಲಿ ಸಿಗುವ ಮುಂಚೆಯೇ ಹಲ್ಲುಗಳ ನಡುವೆ ಕರಕರ ಎಂದು ಸಿಕ್ಕಿತ್ತು.

ಅದೇ ಸಿಲಿಕಾವನ್ನು ಹೋದ ವರ್ಷ ಮಾಲೂರಿನ ಒಂದು ಸಣ್ಣ ಫೌಂಡ್ರಿಯಲ್ಲಿ ಮತ್ತೆ ಕಂಡೆ. ಬೋರ್‌ವೆಲ್ ನೀರು ಎತ್ತುವ ಪಂಪುಗಳ ಬೀಡುಕಬ್ಬಿಣದ ಕವಚಗಳನ್ನು ಅಲ್ಲಿ ಎರಕ ಹೊಯ್ಯುತ್ತಾರೆ. ಮರಳಿನಲ್ಲಿ ಅಚ್ಚು ಕಟ್ಟುವ ವಯಸ್ಸಾದ ಮೌಲ್ಡರ್ ಒಬ್ಬರು ಹಿಡಿ ಮರಳು ತೆಗೆದು ಮುಷ್ಟಿಯಲ್ಲಿ ಒತ್ತಿದರು. ಬೆರಳು ಬಿಡಿಸಿದಾಗ ಅಂಗೈ ಗೆರೆಗಳೆಲ್ಲ ಅಚ್ಚಾಗಿದ್ದ ಉಂಡೆ. ಅದನ್ನು ಎರಡು ತುಂಡು ಮಾಡಿ ಮುರಿದ ಅಂಚನ್ನು ನೋಡಿದರು. ಅಂಚು ಉದುರಿದರೆ ನೀರು ಸಾಲದು, ಕೈಗೆ ಮೆತ್ತಿಕೊಂಡರೆ ಹೆಚ್ಚಾಯಿತು. "ಇವತ್ತು ಮರಳು ಚೆನ್ನಾಗೈತೆ" ಎಂದರು. ಪರೀಕ್ಷೆ ಮುಗಿದಿತ್ತು.

ಎರಕದ ಗುಟ್ಟೆಲ್ಲ ಕುಲುಮೆಯಲ್ಲಿದೆ ಎಂದು ನಾನು ತಿಳಿದಿದ್ದೆ. ಕಬ್ಬಿಣ ಕರಗಿಸುವುದು ಕಷ್ಟದ ಕೆಲಸವೇ, ಆದರೆ ಕರಗಿದ ಲೋಹಕ್ಕೆ ರೂಪ ಕೊಡುವುದು ಮರಳು. ಸಿಲಿಕಾ ಕಣ, ಬೆಂಟೊನೈಟ್ ಎಂಬ ಅಂಟುಜೇಡಿ, ನೂರಕ್ಕೆ ಮೂರು ನಾಲ್ಕು ಪಾಲು ನೀರು: ಹಸಿ ಅಚ್ಚಿಗೆ ಇಷ್ಟು ಸಾಕು. ಸುಮಾರು 1,600 ಡಿಗ್ರಿಯ ಉಕ್ಕು ಮೇಲೆ ಬಿದ್ದರೂ ಸಿಲಿಕಾ ಕರಗದೆ ನಿಲ್ಲುತ್ತದೆ. ಅಷ್ಟರಲ್ಲಿ ಮರಳಿನೊಳಗಿನ ನೀರು ಹಬೆಯಾಗಿ ತನ್ನ ಗಾತ್ರದ ಸಾವಿರದ ಆರುನೂರು ಪಟ್ಟಿಗೂ ಮೀರಿ ಹಿಗ್ಗುತ್ತದೆ. ಕಣಗಳ ನಡುವೆ ಸಂದಿ ಇದ್ದರೆ ಹಬೆ ಹೊರಗೆ ಹೋಗುತ್ತದೆ. ಇಲ್ಲದಿದ್ದರೆ ಲೋಹದೊಳಕ್ಕೇ ನುಗ್ಗಿ ಗುಳ್ಳೆಯಾಗಿ ಉಳಿಯುತ್ತದೆ. ಹಾಗೆಂದು ಸಡಿಲವಾಗಿ ತುಂಬಿದರೆ ಲೋಹದ ಭಾರಕ್ಕೆ ಅಚ್ಚಿನ ಗೋಡೆ ಜರಿಯುತ್ತದೆ. ತೀರ ಬಿಗಿಯಾಗಿ ಕುಟ್ಟಿದರೆ ಇನ್ನೊಂದು ಪೇಚು: ಬೆಣಚು 573 ಡಿಗ್ರಿಯಲ್ಲಿ ತನ್ನ ಹರಳಿನ ರಚನೆ ಬದಲಿಸಿ ದಿಢೀರನೆ ಉಬ್ಬುತ್ತದೆ, ಉಬ್ಬಲು ಜಾಗವಿಲ್ಲದೆ ಅಚ್ಚಿನ ಮೈ ಚಕ್ಕೆ ಎದ್ದು ಎರಕದೊಳಗೆ ಸಿಕ್ಕಿಬೀಳುತ್ತದೆ. ಸಡಿಲಕ್ಕೂ ಬಿಗಿಗೂ ನಡುವಿನ ಆ ಹದವನ್ನು ಆ ಮೌಲ್ಡರ್ ಮುಷ್ಟಿಯಲ್ಲಿ ಅಳೆಯುತ್ತಿದ್ದರು.

ಹೊಯ್ದ ಮೇಲೆ ಕಾಯಬೇಕು. ಎಷ್ಟು ಹೊತ್ತು? ಇದಕ್ಕೆ ಉತ್ತರ ಬೇಕಿದ್ದರೆ ಮುದ್ದೆ ನೆನಪಿಸಿಕೊಳ್ಳಿ. ಮಕ್ಕಳಿಗೆ ಕಟ್ಟಿದ ಪುಟ್ಟ ಮುದ್ದೆ ಬೇಗ ಆರುತ್ತದೆ. ಹೊಲದಿಂದ ಬಂದವರಿಗೆ ಇಟ್ಟ ದೊಡ್ಡ ಮುದ್ದೆ ಮೇಲೆ ಬೆಚ್ಚಗಿದ್ದರೂ ಮುರಿದರೆ ನಡುವೆ ಬೆರಳು ಸುಡುತ್ತದೆ. ಒಳಗೆ ಶಾಖ ತುಂಬಿಕೊಳ್ಳುವುದು ಗಾತ್ರಕ್ಕೆ ತಕ್ಕಂತೆ, ಹೊರಗೆ ಹೋಗುವುದು ಮೈಯ ವಿಸ್ತೀರ್ಣಕ್ಕೆ ತಕ್ಕಂತೆ. 1940ರಲ್ಲಿ ನಿಕೊಲಾಯ್ ಚ್ವೊರಿನೊವ್ ಎಂಬ ಎಂಜಿನಿಯರ್ ಇದನ್ನು ಲೋಹಕ್ಕೆ ಲೆಕ್ಕ ಹಾಕಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದರು. ಎರಕದ ಗಾತ್ರವನ್ನು ಅದರ ಮೇಲ್ಮೈಯಿಂದ ಭಾಗಿಸಿ, ಬಂದದ್ದರ ವರ್ಗ ತೆಗೆದರೆ ಲೋಹ ಗಟ್ಟಿಯಾಗುವ ಕಾಲ ಆ ಪ್ರಮಾಣದಲ್ಲಿರುತ್ತದೆ. ಫಲಕದ ದಪ್ಪ ಎರಡರಷ್ಟಾದರೆ ಕಾಯುವ ಕಾಲ ನಾಲ್ಕರಷ್ಟು, ಮೂರರಷ್ಟಾದರೆ ಒಂಬತ್ತರಷ್ಟು. ಫೌಂಡ್ರಿಗಳಲ್ಲಿ ಇಂದಿಗೂ ನಿತ್ಯ ಬಳಕೆಯಲ್ಲಿರುವ ನಿಯಮವಿದು.

ಆ ಇಸವಿಯೇ ನನ್ನನ್ನು ಹಿಡಿದು ನಿಲ್ಲಿಸಿದ್ದು. ಯುರೋಪಿನ ಕಾರ್ಖಾನೆಗಳೆಲ್ಲ ಹಗಲು ರಾತ್ರಿ ಆಯುಧ ಮಾಡುತ್ತಿದ್ದ ಹೊತ್ತದು. ಲೋಹ ಯಾರ ಆತುರಕ್ಕೂ ಬೇಗ ಆರುವುದಿಲ್ಲ ಎನ್ನುವುದಕ್ಕೆ ಅಂಥ ಹೊತ್ತಿನಲ್ಲಿ ಸೂತ್ರ ಸಿಕ್ಕಿತು.

ಮೊದಲ ಮಹಾಯುದ್ಧದಲ್ಲಿ ಬ್ರಿಟನ್ ಲೆಕ್ಕವಿಲ್ಲದಷ್ಟು ಮಾಡಿದ ಮಿಲ್ಸ್ ಕೈಬಾಂಬಿನ ಕವಚವೂ ಬೀಡುಕಬ್ಬಿಣದ ಎರಕವೇ. ತೆಳು ಗೋಡೆ, ಅಂಗೈ ಅಗಲದ ವಸ್ತು, ಬೇಗ ಗಟ್ಟಿಯಾಗುತ್ತದೆ. ಎಷ್ಟು ಅಚ್ಚು ಕಟ್ಟುತ್ತೀರೋ ಅಷ್ಟು ಬಾಂಬು. ಎರಡನೆಯ ಯುದ್ಧದ ಟ್ಯಾಂಕಿನ ಮಾತು ಬೇರೆ. ಅಮೆರಿಕದ ಶೆರ್ಮನ್ ಟ್ಯಾಂಕಿನ ಒಂದು ಮಾದರಿಯಲ್ಲಿ ಮೇಲಿನ ಒಡಲಿಡೀ ಒಂದೇ ಎರಕ. ಅದರ ಗುಂಡನೆಯ ಭುಜಗಳು ಗುಂಡು ಜಾರಿಹೋಗಲಿ ಎಂದಷ್ಟೇ ಅಲ್ಲ, ಎರಕಕ್ಕೂ ಒಗ್ಗುತ್ತವೆ. ಚೂಪು ಮೂಲೆಯಲ್ಲಿ ಎರಡು ಗೋಡೆಗಳಿಂದ ಬೆಳೆದು ಬಂದ ಲೋಹದ ಹರಳುಗಳು ಒಂದು ಗೆರೆಯಲ್ಲಿ ಸಂಧಿಸಿ ಅಲ್ಲೇ ಬಿರುಕಿಗೆ ದಾರಿಯಾಗುತ್ತದೆ. ಅಷ್ಟು ದೊಡ್ಡ ಎರಕ ಹೊಯ್ಯಬಲ್ಲ ಫೌಂಡ್ರಿಗಳು ಕೆಲವೇ ಇದ್ದದ್ದರಿಂದ ಅದೇ ಟ್ಯಾಂಕಿನ ಒಡಲನ್ನು ಬೇರೆ ಕಾರ್ಖಾನೆಗಳಲ್ಲಿ ಫಲಕಗಳನ್ನು ಬೆಸೆದು ಮಾಡಿದರು. ಸೋವಿಯತ್ತರು 1941ರಲ್ಲಿ ಖಾರ್ಕಿವ್‌ನ ಟ್ಯಾಂಕ್ ಕಾರ್ಖಾನೆಯನ್ನೇ ಕಿತ್ತು ರೈಲಿಗೆ ಹೇರಿ ಉರಲ್‌ನ ನಿಜ್ನಿ ತಗಿಲ್‌ಗೆ ಸಾಗಿಸಿದರು. ಅವರ ಟಿ-34 ಟ್ಯಾಂಕಿನ, ತೋಪು ಹೊತ್ತು ತಿರುಗುವ ಗೋಪುರಗಳಲ್ಲಿ ಬಹುಪಾಲು ಎರಕದವು. ಗಂಡಸರು ರಣರಂಗಕ್ಕೆ ಹೋಗಿದ್ದರು, ಯಂತ್ರಗಳ ಮುಂದೆ ಹೆಂಗಸರೂ ಹದಿಹರೆಯದವರೂ ನಿಂತಿದ್ದರು.

ಲೋಹ ಆರುವ ಕಾಲವನ್ನು ಕಡಿಮೆ ಮಾಡಲಾಗದಿದ್ದರೆ ಅಚ್ಚು ಕಟ್ಟುವ ಕಾಲವನ್ನಾದರೂ ಕಡಿಮೆ ಮಾಡಬಹುದಲ್ಲ? ಯುದ್ಧಕಾಲದ ಜರ್ಮನಿಯಲ್ಲಿ ಯೋಹಾನೆಸ್ ಕ್ರೊನಿಂಗ್ ಹಿಡಿದದ್ದು ಈ ದಾರಿ. ನಯ ಮರಳಿಗೆ ಬಿಸಿ ತಾಗಿದರೆ ಗಟ್ಟಿಯಾಗುವ ಫೀನಾಲ್ ರಾಳ ಬೆರೆಸಿ, ಕಾಯಿಸಿದ ಲೋಹದ ಮಾದರಿಯ ಮೇಲೆ ಸುರಿದರೆ, ಕಾದ ಕಾವಲಿಗೆ ದೋಸೆ ಹಿಡಿದಂತೆ ತೆಳುವಾದ ಒಂದು ಪದರ ಮಾತ್ರ ಗಟ್ಟಿಯಾಗುತ್ತದೆ. ಮಿಕ್ಕ ಮರಳನ್ನು ಕೊಡವಿ, ಅಂಥ ಎರಡು ಚಿಪ್ಪುಗಳನ್ನು ಜೋಡಿಸಿದರೆ ಅಚ್ಚು ಸಿದ್ಧ. ಯುದ್ಧ ಮುಗಿದ ಮೇಲೆ ಹ್ಯಾಂಬರ್ಗ್‌ನಲ್ಲಿ ಇದನ್ನು ಕಂಡ ಮಿತ್ರರಾಷ್ಟ್ರಗಳ ತಜ್ಞರು ತಮ್ಮ ನಾಡುಗಳಿಗೆ ಒಯ್ದರು. ಇಂದು ನಮ್ಮ ಬೈಕು ಕಾರುಗಳ ಎಷ್ಟೋ ಬಿಡಿಭಾಗಗಳು ಹುಟ್ಟುವುದು ಇಂಥ ಚಿಪ್ಪುಗಳಲ್ಲೇ.

ಯುದ್ಧಕಾಲದ ಉತ್ಪಾದನೆಯ ಕಥೆಗಳು ಸಾಮಾನ್ಯವಾಗಿ ಟ್ಯಾಂಕು, ಬಾಂಬುಗಳನ್ನು ಎಣಿಸಿ ಇಲ್ಲಿಗೆ ನಿಲ್ಲುತ್ತವೆ. ನನಗೆ ಇಲ್ಲಿ ನಿಲ್ಲಲು ಮನಸ್ಸಾಗದು, ಏಕೆಂದರೆ ಎರಕ ಆರಿದ ಮೇಲೂ ಮರಳಿನ ಕೆಲಸ ಮುಗಿದಿರುವುದಿಲ್ಲ. ಅಚ್ಚನ್ನು ಒಡೆದು ಮರಳು ಉದುರಿಸಬೇಕು, ಮೈಗೆ ಸುಟ್ಟು ಅಂಟಿದ್ದನ್ನು ಕೆರೆದು ತೆಗೆಯಬೇಕು. ಕಾದ ಬೆಣಚಿನ ಒಂದಷ್ಟು ಪಾಲು ಕ್ರಿಸ್ಟೊಬಲೈಟ್ ಎಂಬ ಇನ್ನೊಂದು ರೂಪಕ್ಕೆ ತಿರುಗಿರುತ್ತದೆ, ಶ್ವಾಸಕೋಶಕ್ಕೆ ಅದೂ ಕೇಡೇ. ಐದು ಮೈಕ್ರಾನಿಗಿಂತ ಸಣ್ಣ ಕಣ, ಅಂದರೆ ಕೂದಲೆಳೆಯ ದಪ್ಪದ ಹತ್ತನೆಯ ಒಂದು ಭಾಗವೂ ಇಲ್ಲದ್ದು, ಉಸಿರಿನ ಜೊತೆ ಗಾಳಿಚೀಲದ ತಳಕ್ಕೆ ಇಳಿಯುತ್ತದೆ. ಅಲ್ಲಿನ ಕಾವಲು ಕೋಶ ಅದನ್ನು ನುಂಗುತ್ತದೆ, ಅರಗಿಸಿಕೊಳ್ಳಲಾಗದೆ ಸಾಯುತ್ತದೆ. ಕಣ ಮತ್ತೆ ಹೊರಬೀಳುತ್ತದೆ, ಇನ್ನೊಂದು ಕೋಶ ನುಂಗುತ್ತದೆ. ಹೀಗೇ ಗಾಯದ ಮೇಲೆ ಗಾಯವಾಗಿ ಶ್ವಾಸಕೋಶ ಗಂಟುಗಟ್ಟುತ್ತದೆ. ಇದೇ ಸಿಲಿಕೋಸಿಸ್. ಬಂದ ಮೇಲೆ ಹಿಂದಕ್ಕೆ ಹೋಗದು. ಜೊತೆಗೆ ಕ್ಷಯವನ್ನೂ ಕರೆತರುತ್ತದೆ.

ಈ ರೋಗದ ಚರಿತ್ರೆಯಲ್ಲಿ ನಮ್ಮ ಜಿಲ್ಲೆಗೆ ದೊಡ್ಡ ಸ್ಥಾನವಿದೆ. 1940ರಿಂದ 1946ರವರೆಗೆ, ಹೆಚ್ಚು ಕಡಿಮೆ ಯುದ್ಧದ ಅವಧಿಯಲ್ಲೇ, ಕೋಲಾರದ ಚಿನ್ನದ ಗಣಿಗಳಲ್ಲಿ 7,653 ಕಾರ್ಮಿಕರನ್ನು ತಪಾಸಣೆ ಮಾಡಿದಾಗ ಶೇ. 43.7ರಷ್ಟು ಮಂದಿಗೆ ಸಿಲಿಕೋಸಿಸ್ ಇರುವುದು ಕಂಡುಬಂತು. ಎಕ್ಸ್‌ರೇಯಲ್ಲಿ ಬಿಳಿ ಚುಕ್ಕೆಗಳಾಗಿ ಕಂಡದ್ದು ಆ ಸೈನೈಡ್ ಗುಡ್ಡದಲ್ಲಿರುವ ಬೆಣಚೇ ಮಾಡಿದ ಗಾಯ. ಗಣಿಯಲ್ಲಿ ಕಲ್ಲು ಕೊರೆದು ಎದ್ದದ್ದು, ಫೌಂಡ್ರಿಯಲ್ಲಿ ಅಚ್ಚು ಒಡೆದು ಎದ್ದದ್ದು, ಎರಡನ್ನೂ ಶ್ವಾಸಕೋಶ ಬೇರೆಬೇರೆಯಾಗಿ ಕಾಣುವುದಿಲ್ಲ. ಎರಕಗಳನ್ನು ಮರಳು ಚಿಮ್ಮಿಸಿ ಉಜ್ಜುವುದನ್ನು ಬ್ರಿಟನ್ ಕಾನೂನಿನ ಮೂಲಕ ನಿಷೇಧಿಸಿದ್ದು 1949ರಲ್ಲಿ, ಟ್ಯಾಂಕುಗಳೆಲ್ಲ ಹೊರಬಿದ್ದು ವರ್ಷಗಳಾದ ಮೇಲೆ. ಮರಳಿನ ಬದಲು ಉಕ್ಕಿನ ಕಾಳು ಚಿಮ್ಮಿಸಿದರೂ ಅದೇ ಕೆಲಸ ಆಗುತ್ತದೆ. ಕೊರೆಯುವಾಗ ನೀರು ಹಾಯಿಸಿದರೆ, ಅಚ್ಚು ಒಡೆಯುವಲ್ಲಿ ಧೂಳು ಎಳೆದುಕೊಳ್ಳುವ ಫ್ಯಾನು ಕೂರಿಸಿದರೆ ಬಹುಪಾಲು ಧೂಳು ಎದೆಗೆ ಇಳಿಯುವುದೇ ಇಲ್ಲ. ತಡೆಯಲು ಇಷ್ಟು ಸುಲಭವಾದ ರೋಗ ಇಷ್ಟು ಜನರನ್ನು ತಿಂದಿತಲ್ಲ ಎಂಬುದು ನನ್ನನ್ನು ಬಿಟ್ಟೂ ಬಿಡದೆ ಕಾಡುತ್ತದೆ.

ಮಾಲೂರಿನಲ್ಲಿ ಅಚ್ಚು ಒಡೆಯುವ ಹೊತ್ತಿಗೆ ಸಂಜೆಯಾಗಿತ್ತು. ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬ ಟವೆಲನ್ನು ನೀರಲ್ಲಿ ಅದ್ದಿ ಮೂಗು ಬಾಯಿಗೆ ಕಟ್ಟಿಕೊಂಡು ಸುತ್ತಿಗೆ ಎತ್ತಿದ. ಟವೆಲಿನ ನೂಲುಗಳ ನಡುವಿನ ಸಂದಿ ಐದು ಮೈಕ್ರಾನಿನ ಕಣಕ್ಕೆ ಹೆಬ್ಬಾಗಿಲು. ಹಿರಿಯ ಮೌಲ್ಡರ್‌ಗೆ ಅದನ್ನು ಹೇಳಿದೆ. ಅವರು ತಲೆಯಾಡಿಸಿ, ಹುಡುಗನನ್ನು ಗಾಳಿ ಬೀಸುವ ಕಡೆಗೆ ಬೆನ್ನು ಮಾಡಿ ನಿಲ್ಲಿಸಿದರು. ಪಂಪಿನ ಕವಚ ಹೊರಗೆ ಬಂತು, ಒಂದು ಗುಳ್ಳೆಯೂ ಇಲ್ಲದ ನಯವಾದ ಎರಕ. ಹುಡುಗ ಉದುರಿದ ಮರಳನ್ನು ಸಲಿಕೆಯಲ್ಲಿ ಎಳೆದು ಮರುದಿನದ ಅಚ್ಚಿಗೆಂದು ರಾಶಿ ಹಾಕಿದ. ಪ್ರತಿ ಎರಕದ ಬಿಸಿಗೂ ಆ ಕಣಗಳು ಒಂದಿಷ್ಟು ಒಡೆದು ಇನ್ನಷ್ಟು ಸಣ್ಣದಾಗುತ್ತವೆ.