ಮೆಣಸಿನಕಾಯಿಗೆ ಇರುವ ಹಕ್ಕು

ಸೋಮವಾರ, ಗುರುವಾರ ಬ್ಯಾಡಗಿ ಮಾರುಕಟ್ಟೆಯ ದಿನ. ಮೆಣಸಿನಕಾಯಿ ಸುಗ್ಗಿಯಲ್ಲಿ ಆ ಎರಡು ದಿನ ಹಾವೇರಿ ಕಡೆಯ ಕಕ್ಷಿದಾರರು ಕೇಸಿನ ತಾರೀಖು ಇದ್ದರೂ ಧಾರವಾಡದತ್ತ ಮುಖ ಹಾಕುವುದಿಲ್ಲ. ಹೀಗಾಗಿ ಅವತ್ತು ಗುರುವಾರ ಮುಂಜಾನೆ ತಂದೆ ಮಗ ಇಬ್ಬರೂ ನನ್ನ ಆಫೀಸಿನ ಬಾಗಿಲಲ್ಲಿ ನಿಂತದ್ದು ನೋಡಿ, ವಿಷಯ ದೊಡ್ಡದೇ ಇರಬೇಕು ಅಂದುಕೊಂಡೆ. ತಂದೆಯ ಕೈಯಲ್ಲಿ ಗೊಬ್ಬರದಂಗಡಿಯ ಹೆಸರಿದ್ದ ಪ್ಲಾಸ್ಟಿಕ್ ಚೀಲ. ಅದರೊಳಗೆ ಮೂವತ್ತೊಂದು ಪುಟದ ಇಂಗ್ಲಿಷ್ ಕರಾರುಪತ್ರ. ಮಗನಿಗೆ ಹತ್ತೊಂಬತ್ತು ವರ್ಷ, ಕಬಡ್ಡಿಯಲ್ಲಿ ರೇಡರ್. ಒಂದು ಲೀಗಿನ ಹರಾಜಿನಲ್ಲಿ ಉತ್ತರದ ಕಡೆಯ ತಂಡವೊಂದು ಅವನನ್ನು ಮೂಲಬೆಲೆಗೆ ತೆಗೆದುಕೊಂಡಿತ್ತು.

ನಾನು ಪುಟ ತಿರುವುತ್ತಿದ್ದಾಗ ತಂದೆ ಟೊಪ್ಪಿಗೆ ಸರಿಮಾಡಿಕೊಂಡು ಕೇಳಿದರು: "ವಕೀಲ್ರ, ಸಿಟ್ಟಿಗೇಳಬ್ಯಾಡ್ರಿ, ಒಂದು ಕೇಳ್ತೀನಿ. ನಾವು ಬ್ಯಾಡಗ್ಯಾಗ ಕಾಯಿ ಟೆಂಡರಿಗೆ ಇಡತೇವಿ. ರೇಟು ಮನಸಿಗೆ ಬರಲಿಲ್ಲಂದ್ರ ಒಲ್ಲೆ ಅಂತೇವಿ. ಚೀಲ ಕೋಲ್ಡ್ ಸ್ಟೋರೇಜಿಗೆ ಹಾಕಿ ಊರಿಗೆ ಹೊಕ್ಕೇವಿ. ಈ ಹುಡುಗಗ ಒಲ್ಲೆ ಅನ್ನಾಕ ಬರತೈತೋ ಇಲ್ಲೋ?"

"ಅನ್ನಾಕ ಬರತೈತ್ರಿ. ಆದ್ರ ಅಂದಮ್ಯಾಲೆ ಎರಡು ವರ್ಷ ಆ ಲೀಗಿನ್ಯಾಗ ಆಡಾಕ ಬರಂಗಿಲ್ಲ" ಅಂದೆ. ಹದಿನಾಲ್ಕನೇ ಪುಟದಲ್ಲಿ ಹಾಗೇ ಬರೆದಿತ್ತು.

ಅವರ ಪ್ರಶ್ನೆ ಹೊಸದಲ್ಲ. ಅಮೆರಿಕದವರು ತೊಂಬತ್ತು ವರ್ಷಗಳಿಂದ ಇದನ್ನೇ ಕೇಳಿಕೊಳ್ಳುತ್ತಿದ್ದಾರೆ. ನಮ್ಮ ಕೋರ್ಟಿನಲ್ಲಿ ಡ್ರಾಫ್ಟ್ ಅಂದರೆ ದಾವೆಯ ಕರಡು, ಬ್ಯಾಂಕಿನಲ್ಲಿ ಡಿ.ಡಿ. ಅಲ್ಲಿ ಡ್ರಾಫ್ಟ್ ಅಂದರೆ ಕಾಲೇಜು ಮುಗಿಸಿ ಬರುವ ಆಟಗಾರರನ್ನು ತಂಡಗಳು ಸರದಿಯ ಮೇಲೆ ಹಂಚಿಕೊಳ್ಳುವುದು. ಹಿಂದಿನ ವರ್ಷ ಎಲ್ಲರಿಗಿಂತ ಕೆಳಗಿದ್ದ ತಂಡಕ್ಕೆ ಮೊದಲ ಸರದಿ. ಯಾವ ತಂಡ ಹೆಸರು ಕೂಗಿತೋ ಆಟಗಾರ ಆ ತಂಡದ ಜೊತೆಗೇ ಮಾತಾಡಬೇಕು. ಬೇರೆ ತಂಡಗಳು ಅವನ ಹತ್ತಿರ ಸುಳಿಯುವಂತಿಲ್ಲ. ಇದನ್ನು ಹುಟ್ಟುಹಾಕಿದವನು ಫಿಲಡೆಲ್ಫಿಯಾ ಈಗಲ್ಸ್ ಎಂಬ ಅಮೆರಿಕನ್ ಫುಟ್ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ) ತಂಡದ ಮಾಲೀಕ ಬರ್ಟ್ ಬೆಲ್. ಅವನದು ಸೋಲುವ ತಂಡ. ಒಳ್ಳೆಯ ಹುಡುಗರಿಗೆ ಪೈಪೋಟಿಯ ಮೇಲೆ ದುಡ್ಡು ಕೊಡಲಾರದೆ ಸಾಕಾಗಿ 1935ರಲ್ಲಿ ಉಳಿದ ಮಾಲೀಕರ ಮುಂದೆ ಈ ಉಪಾಯ ಇಟ್ಟ. 1936ರಲ್ಲಿ ಮೊದಲ ಡ್ರಾಫ್ಟ್ ನಡೆಯಿತು. ಮೊದಲು ಕೂಗಿದ ಹೆಸರು ಜೇ ಬರ್ವಾಂಗರ್. ಆ ಹುಡುಗ ಕೇಳಿದಷ್ಟು ದುಡ್ಡು ಸಿಗಲಿಲ್ಲ. ವೃತ್ತಿಪರ ಫುಟ್ಬಾಲಿಗೆ ಬೆನ್ನು ಹಾಕಿ ಹೊರಟವನು ಆ ಲೀಗಿನಲ್ಲಿ ಒಂದೇ ಒಂದು ಪಂದ್ಯವನ್ನೂ ಆಡಲಿಲ್ಲ, ಫೋಮ್ ರಬ್ಬರ್ ಮಾರಿದ. ಡ್ರಾಫ್ಟಿನ ಮೊದಲ ಆಯ್ಕೆಯೇ "ಒಲ್ಲೆ" ಅಂದಿತ್ತು ಎನ್ನುವುದು ನನಗೆ ಯಾವಾಗಲೂ ಖುಷಿ ಕೊಡುವ ಸಂಗತಿ.

ಸೋಲುವ ತಂಡವೂ ಬದುಕಬೇಕು, ಇಲ್ಲದಿದ್ದರೆ ದೊಡ್ಡ ಊರಿನ ಶ್ರೀಮಂತ ತಂಡವೇ ಪ್ರತಿ ವರ್ಷ ಗೆದ್ದು ಆಟವೇ ಸಪ್ಪೆಯಾಗುತ್ತದೆ ಎನ್ನುವುದು ಮಾಲೀಕರ ವಾದ. ಪೂರ್ತಿ ಸುಳ್ಳಲ್ಲ. ಆದರೆ ಸಮಬಲಕ್ಕೆ ಬೇರೆ ದಾರಿಗಳೂ ಇವೆ. ಐಪಿಎಲ್ ಮಾಡಿದಂತೆ ಪ್ರತಿ ತಂಡದ ಖರ್ಚಿಗೆ ಮಿತಿ ಹಾಕಬಹುದು. 2025ರ ಆವೃತ್ತಿಗೆ ಅದು 120 ಕೋಟಿ ಇತ್ತು. ಅಮೆರಿಕದ ಮಹಿಳಾ ಸಾಕರ್ (ನಾವು ಫುಟ್ಬಾಲ್ ಅನ್ನುವ ಆಟ) ಲೀಗಂತೂ 2024ರಲ್ಲಿ ಆಟಗಾರ್ತಿಯರ ಸಂಘದ ಜೊತೆ ಒಪ್ಪಂದ ಮಾಡಿಕೊಂಡು ಡ್ರಾಫ್ಟನ್ನೇ ತೆಗೆದುಹಾಕಿತು. ಆಕಾಶ ಕಳಚಿ ಬೀಳಲಿಲ್ಲ.

ವಕೀಲನಾಗಿ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಕೇಸು. ಬರ್ಟ್ ಬೆಲ್‌ನ ಅದೇ ಫುಟ್ಬಾಲ್ ಲೀಗಿನ ಜೇಮ್ಸ್ ಸ್ಮಿತ್ ಎಂಬ ಆಟಗಾರ, "ಯಾಜೂ" ಎಂದು ಕರೆಯುತ್ತಿದ್ದರು. 1968ರಲ್ಲಿ ವಾಷಿಂಗ್ಟನ್ ತಂಡದ ಪಾಲಿಗೆ ಬಂದ. ಮೊದಲ ವರ್ಷದ ಕೊನೆಯ ಪಂದ್ಯದಲ್ಲಿ ಕುತ್ತಿಗೆಗೆ ಪೆಟ್ಟು ಬಿತ್ತು, ಆಟ ಅಲ್ಲಿಗೇ ಮುಗಿಯಿತು. ಡ್ರಾಫ್ಟ್ ಇಲ್ಲದಿದ್ದರೆ ನಾಲ್ಕು ತಂಡಗಳ ಜೊತೆ ಚೌಕಾಸಿ ಮಾಡಿ, ಗಾಯವಾದರೆ ಇಷ್ಟು ಕೊಡಬೇಕು ಎಂದು ಬರೆಸಿಕೊಳ್ಳುತ್ತಿದ್ದೆ ಎಂಬುದು ಅವನ ವಾದ. 1978ರಲ್ಲಿ ಮೇಲ್ಮನವಿ ನ್ಯಾಯಾಲಯ ಅವನ ಮಾತನ್ನು ಒಪ್ಪಿತು: ಅವತ್ತಿದ್ದ ರೂಪದಲ್ಲಿ ಆ ಡ್ರಾಫ್ಟ್ ಸ್ಪರ್ಧಾ ಕಾನೂನಿಗೆ ವಿರುದ್ಧ. ಆದರೆ ತೀರ್ಪು ಬರುವ ಹೊತ್ತಿಗೆ ಆಟಗಾರರ ಸಂಘವೇ ಮಾಲೀಕರ ಜೊತೆ ಕೂತು, ಪಿಂಚಣಿ ಇತ್ಯಾದಿ ಸೇರಿದ ದೊಡ್ಡ ಒಪ್ಪಂದದ ಭಾಗವಾಗಿ ಡ್ರಾಫ್ಟನ್ನು ಒಪ್ಪಿಕೊಂಡಾಗಿತ್ತು. ಸಂಘ ಚೌಕಾಸಿ ಮಾಡಿ ಒಪ್ಪಿದ ನಿಯಮವನ್ನು ಅಲ್ಲಿನ ಕೋರ್ಟುಗಳು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಡ್ರಾಫ್ಟ್ ಇವತ್ತಿಗೂ ನಿಂತಿರುವುದು ಆ ಒಂದೇ ಕಂಬದ ಮೇಲೆ.

ಅದರಲ್ಲೂ ಒಂದು ಗಂಟಿದೆ. ಸಂಘದಲ್ಲಿರುವವರು ಈಗಾಗಲೇ ಒಳಗೆ ಬಂದವರು. ಬಿಟ್ಟುಕೊಡುವುದು ಇನ್ನೂ ಬಾರದ ಹುಡುಗರ ಹಕ್ಕು. ನಮ್ಮ ಕಡೆ ಹಿರಿಯ ಅಣ್ಣತಮ್ಮಂದಿರು ಕೂತು, ಇನ್ನೂ ಮೈನರ್ ಇರುವ ಕಿರಿಯನ ಪಾಲನ್ನೂ ಸೇರಿಸಿ ವಾಟ್ನಿ, ಅಂದರೆ ಆಸ್ತಿ ಹಿಸ್ಸೆ, ಬರೆದ ಹಾಗೆ. ಅಂಥ ವಾಟ್ನಿಪತ್ರ ಮುಂದೆ ನಮ್ಮಂಥವರ ಟೇಬಲ್ಲಿಗೆ ಬಂದೇ ಬರುತ್ತದೆ.

ಆಸ್ಟ್ರೇಲಿಯಾದಲ್ಲಿ ಆ ಕಂಬವೂ ಇರಲಿಲ್ಲ. ನ್ಯೂ ಸೌತ್ ವೇಲ್ಸ್ ರಗ್ಬಿ ಲೀಗ್ ಡ್ರಾಫ್ಟ್ ತಂದಾಗ ಆಟಗಾರರು ಕೋರ್ಟಿಗೆ ಹೋದರು. 1991ರಲ್ಲಿ ಅಲ್ಲಿನ ಫೆಡರಲ್ ಕೋರ್ಟಿನ ಪೂರ್ಣಪೀಠ ಅದು ಮನುಷ್ಯನ ಉದ್ಯೋಗದ ಮೇಲೆ ಸಲ್ಲದ ನಿರ್ಬಂಧ ಎಂದು ಹೊಡೆದುಹಾಕಿತು.

ನಮ್ಮಲ್ಲಿ ಡ್ರಾಫ್ಟ್ ಅಪರೂಪ, ಹರಾಜೇ ಹೆಚ್ಚು. 2008ರಲ್ಲಿ ಐಪಿಎಲ್ ಶುರುವಾದಾಗ ಹತ್ತೊಂಬತ್ತರ ಒಳಗಿನ ವಿಶ್ವಕಪ್ ಆಡಿದ ಹುಡುಗರನ್ನು ಮಾತ್ರ ಡ್ರಾಫ್ಟಿನಲ್ಲಿ ಹಂಚಿದರು. ದೆಹಲಿ ತಂಡ ತನ್ನ ಊರಿನ ವಿರಾಟ್ ಕೊಹ್ಲಿಯನ್ನು ಬಿಟ್ಟು ಪ್ರದೀಪ್ ಸಾಂಗ್ವಾನ್ ಅವರನ್ನು ಆರಿಸಿಕೊಂಡಿತು. ಕೊಹ್ಲಿ ಬೆಂಗಳೂರಿಗೆ ಬಂದರು. ಅಂದರೆ ನಾವೆಲ್ಲ "ನಮ್ಮ ಹುಡುಗ" ಎಂದು ಎದೆ ತಟ್ಟಿಕೊಳ್ಳುವ ಕೊಹ್ಲಿ ಬೆಂಗಳೂರನ್ನು ಆರಿಸಿಕೊಂಡವರಲ್ಲ. ಆ ಚೀಟಿ ಚೆನ್ನಾಗಿ ಬಿತ್ತು. ಎಲ್ಲರದೂ ಹಾಗೆ ಬೀಳುವುದಿಲ್ಲ. 2010ರಲ್ಲಿ ರವೀಂದ್ರ ಜಡೇಜ ತಾವೇ ಬೇರೆ ತಂಡದ ಜೊತೆ ಮಾತಿಗಿಳಿದರೆಂದು ಇಡೀ ಐಪಿಎಲ್ ಋತು ಹೊರಗೆ ಕೂರಬೇಕಾಯಿತು. ಬೇರೆ ಯಾವ ಕಸುಬಿನಲ್ಲಾದರೂ ಅದಕ್ಕೆ ಕೆಲಸ ಹುಡುಕುವುದು ಅನ್ನುತ್ತಾರೆ. ಈಗ ಹರಾಜಿಗೆ ಹೆಸರು ಕೊಟ್ಟು, ಮಾರಾಟವಾದ ಮೇಲೆ ಸರಿಯಾದ ಕಾರಣವಿಲ್ಲದೆ ಹಿಂದೆ ಸರಿದರೆ ಐಪಿಎಲ್‌ನಲ್ಲಿ ಎರಡು ವರ್ಷ ನಿಷೇಧ. 2025ರಲ್ಲಿ ಇಂಗ್ಲೆಂಡಿನ ಹ್ಯಾರಿ ಬ್ರೂಕ್ ಅದಕ್ಕೆ ಸಿಕ್ಕಿಬಿದ್ದರು.

ಹರಾಜು ಡ್ರಾಫ್ಟಿಗಿಂತ ಮೇಲು ಎನ್ನುವವರಿದ್ದಾರೆ. ಒಂದು ಮಟ್ಟಿಗೆ ಹೌದು. ಡ್ರಾಫ್ಟಿನಲ್ಲಿ ಎಷ್ಟನೇ ಸರದಿಯಲ್ಲಿ ಹೋದೆ ಎನ್ನುವುದರ ಮೇಲೆ ಹೆಚ್ಚುಕಡಿಮೆ ಸಂಬಳವೂ ನಿಗದಿ. ಹರಾಜಿನಲ್ಲಿ ಇಬ್ಬರು ಹಟ ಹಿಡಿದರೆ ಬೆಲೆ ಏರುತ್ತದೆ. ಆದರೆ ಆ ಭಾಗ್ಯ ನಾಲ್ಕಾರು ಮಂದಿಯದು. ಮೂಲಬೆಲೆಗೆ ಹೋಗುವ ಹುಡುಗನಿಗೆ ಎರಡಕ್ಕೂ ವ್ಯತ್ಯಾಸವಿಲ್ಲ.

ನಮ್ಮ ಕಾನೂನು ಏನನ್ನುತ್ತದೆ? 1872ರ ಕರಾರು ಕಾಯ್ದೆಯ 27ನೇ ಕಲಮು ಬಹಳ ಗಟ್ಟಿ: ಯಾರನ್ನೇ ಆಗಲಿ ಕಾನೂನುಬದ್ಧ ಕಸುಬು ಮಾಡದಂತೆ ತಡೆಯುವ ಕರಾರು ಅಷ್ಟರಮಟ್ಟಿಗೆ ಅನೂರ್ಜಿತ. ಕೇಳಲು ಚೆಂದ. ಆದರೆ 1967ರ ಗೋಳಿಕೇರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಗೆರೆ ಎಳೆಯಿತು. ಕರಾರಿನ ಅವಧಿಯೊಳಗೆ ಬೇರೆಯವರ ಹತ್ತಿರ ಕೆಲಸ ಮಾಡಬೇಡ ಎನ್ನುವುದು ಸಾಮಾನ್ಯವಾಗಿ ನಡೆಯುತ್ತದೆ, ಅವಧಿ ಮುಗಿದ ಮೇಲೆ ತಡೆಯುವುದು ಬೇರೆ ಮಾತು. 2006ರಲ್ಲಿ ಜಹೀರ್ ಖಾನ್ ಅವರ ಕೇಸು ಬಂತು. ಅವರ ಜಾಹೀರಾತು ವ್ಯವಹಾರ ನೋಡಿಕೊಳ್ಳುತ್ತಿದ್ದ ಕಂಪನಿ, ಕರಾರು ಮುಗಿದ ಮೇಲೂ ಬೇರೆಯವರು ಕೊಡುವ ದರಕ್ಕೆ ಸರಿಗಟ್ಟುವ ಮೊದಲ ಹಕ್ಕು ತನಗಿದೆ ಎಂದಿತು. ನಡೆಯುವುದಿಲ್ಲ ಎಂದಿತು ಸುಪ್ರೀಂ ಕೋರ್ಟ್. ಏಜೆಂಟರ ಕಾಗದದಲ್ಲಿ ಈ ಕಲಮು ಈಗಲೂ ಹೆಸರು ಬದಲಿಸಿಕೊಂಡು ನುಸುಳುತ್ತದೆ. ನಾನು ಮೊದಲು ಹುಡುಕುವುದೇ ಅದನ್ನು.

ಹದಿನೆಂಟು ತುಂಬದವರ ವಿಷಯ ಇನ್ನೂ ನಾಜೂಕು. 2024ರ ನವೆಂಬರಿನ ಹರಾಜಿನಲ್ಲಿ ರಾಜಸ್ಥಾನ ತಂಡ 1.1 ಕೋಟಿಗೆ ವೈಭವ್ ಸೂರ್ಯವಂಶಿಯನ್ನು ಕೊಂಡಾಗ ಹುಡುಗನಿಗೆ 13 ವರ್ಷ. ಮೈನರ್ ಮಾಡಿದ ಕರಾರು ಕರಾರೇ ಅಲ್ಲ ಎಂದು 1903ರಲ್ಲೇ ಪ್ರಿವಿ ಕೌನ್ಸಿಲ್, ಅಂದರೆ ಬ್ರಿಟಿಷರ ಕಾಲದಲ್ಲಿ ನಮ್ಮ ಕೊನೆಯ ಮೇಲ್ಮನವಿ ಹೋಗುತ್ತಿದ್ದ ಲಂಡನ್ನಿನ ಪೀಠ, ಹೇಳಿದೆ. "ಹಂಗಾದ್ರ ಬಚಾವ್" ಎಂದು ತಂದೆತಾಯಿ ಖುಷಿಪಡುತ್ತಾರೆ. ತಡೆಯಿರಿ. 1949ರಲ್ಲಿ ಬಾಂಬೆ ಹೈಕೋರ್ಟಿಗೆ ರಾಜರಾಣಿ ಎಂಬ ಬಾಲನಟಿಯ ಕೇಸು ಬಂತು. ತಂದೆ ಚಿತ್ರನಿರ್ಮಾಪಕನ ಜೊತೆ ಕರಾರು ಮಾಡಿದ್ದರು, ನಿರ್ಮಾಪಕ ಮಾತು ಮುರಿದ. ಹುಡುಗಿ ಪರಿಹಾರ ಕೇಳಿದರೆ ಕೋರ್ಟು ಅಂದದ್ದು: ಮೈನರ್ ಕೊಟ್ಟ ಸೇವೆಯ ವಚನಕ್ಕೇ ಬೆಲೆಯಿಲ್ಲ, ಆದ್ದರಿಂದ ಕರಾರೂ ಇಲ್ಲ, ಪರಿಹಾರವೂ ಇಲ್ಲ. ಹುಡುಗನನ್ನು ಕಾಯಲು ಮಾಡಿದ ಬೇಲಿಯೇ ಅವನನ್ನು ಹೊರಗೆ ಹಾಕುವುದೂ ಉಂಟು.

ಇಷ್ಟೆಲ್ಲ ಕಾನೂನಿದ್ದೂ ಹರಾಜಿನ ನಿಯಮ ಬರೆಯುವ ಟೇಬಲ್ಲಿನಲ್ಲಿ ಆಟಗಾರನಿಗೆ ಕುರ್ಚಿಯಿಲ್ಲ. ನಾನು ಅನ್ಯಾಯ ಅನ್ನುವುದು ಇದನ್ನೇ. ಹೆಸರು ಕೂಗುವುದು, ಸುತ್ತಿಗೆ ಬಡಿಯುವುದು ನೋಡಲು ಕೆಟ್ಟದ್ದು ನಿಜ, ದನದ ಸಂತೆ ನೆನಪಾಗುತ್ತದೆ. ನಮ್ಮ ಸಂತೆಯಲ್ಲಾದರೂ ವ್ಯಾಪಾರ ಟವೆಲ್ಲಿನ ಕೆಳಗೆ, ಬೆರಳಿನಲ್ಲಿ. ಆದರೆ ನೋಟ ಕೆಟ್ಟದ್ದು ಎನ್ನುವುದು ಬೇರೆ, ನಿಯಮ ಕೆಟ್ಟದ್ದು ಎನ್ನುವುದು ಬೇರೆ. ಅಮೆರಿಕದ ಹುಡುಗನ ಪರವಾಗಿ ಮಾತಾಡಲು ಒಂದು ಸಂಘವಾದರೂ ಇದೆ, ಸರಿಯೋ ತಪ್ಪೋ. 2019ರಲ್ಲಿ ಬಿಸಿಸಿಐ ಮಾನ್ಯತೆ ಪಡೆದ ನಮ್ಮ ಕ್ರಿಕೆಟಿಗರ ಸಂಘ ಆಟ ಬಿಟ್ಟವರದು. ಆಡುತ್ತಿರುವವರಿಗೆ ಅದರಲ್ಲಿ ಜಾಗವಿಲ್ಲ. ಕಬಡ್ಡಿಯ ಹುಡುಗ ಯಾರ ಬಾಗಿಲು ತಟ್ಟಬೇಕು?

ಹೀಗಿರುವಾಗ ಆಯ್ಕೆ ಮುಗಿಯುವುದು ಹರಾಜಿನ ದಿನವಲ್ಲ, ಹೆಸರು ನೋಂದಾಯಿಸುವ ಫಾರ್ಮ್ ತುಂಬಿದ ದಿನ. "ಯಾರೇ ಕೊಂಡರೂ ಹೋಗುತ್ತೇನೆ" ಎಂಬ ಮಾತು ಅದರಲ್ಲೇ ಇರುತ್ತದೆ. ಆ ಫಾರ್ಮನ್ನು ನನಗೆ ತೋರಿಸಲು ಇಷ್ಟು ವರ್ಷದಲ್ಲಿ ಬಂದವರು ಇಬ್ಬರೇ. ಉಳಿದವರೆಲ್ಲ ಬರುವುದು ಪೇಪರಿನಲ್ಲಿ ಫೋಟೋ ಬಂದು, ಊರಲ್ಲಿ ಬ್ಯಾನರ್ ಕಟ್ಟಿದ ಮೇಲೆ.

ನನ್ನ ತಪ್ಪೊಂದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಗದಗ ಕಡೆಯ ಹುಡುಗನೊಬ್ಬ ಕರಾರು ತಂದಿದ್ದ. ದುಡ್ಡು ಎಷ್ಟು ಕಂತು, ಗಾಯವಾದರೆ ಆಸ್ಪತ್ರೆ ಖರ್ಚು ಯಾರದು, ತಂಡಕ್ಕೆ ಬೇಕಾದರೆ ಇನ್ನೊಂದು ವರ್ಷ ಮುಂದುವರಿಸುವ ಕಲಮು ಇದೆಯೇ, ವ್ಯಾಜ್ಯ ಬಂದರೆ ಯಾವ ಊರಿನಲ್ಲಿ ಮಧ್ಯಸ್ಥಿಕೆ, ಎಲ್ಲ ನೋಡಿ ಸಹಿ ಮಾಡು ಅಂದೆ. ಕ್ಯಾಂಪಿಗೂ ಪ್ರಚಾರಕ್ಕೂ ತಂಡ ಕರೆದಾಗ ಬರಬೇಕು ಎಂಬ ಸಾಲು ಕೊನೆಯ ಅನುಬಂಧದಲ್ಲಿತ್ತು. ಅನುಬಂಧ ನಾನು ಓದಿರಲಿಲ್ಲ. ಹುಡುಗ ಕ್ರೀಡಾ ಕೋಟಾದಲ್ಲಿ ಆಗಷ್ಟೇ ನೌಕರಿ ಹಿಡಿದು ಪ್ರೊಬೇಷನ್ನಿನಲ್ಲಿದ್ದ. ಆಫೀಸು ರಜೆ ಕೊಟ್ಟದ್ದು ಪಂದ್ಯದ ದಿನಗಳಿಗೆ ಮಾತ್ರ. ಕ್ಯಾಂಪ್ ಒಂಬತ್ತು ದಿನ ಎಳೆಯಿತು, ನೋಟಿಸ್ ಬಂತು, ಪ್ರೊಬೇಷನ್ ಒಂದು ವರ್ಷ ಮುಂದಕ್ಕೆ ಹೋಯಿತು. ಅವನು ನನಗೆ ಒಂದು ಮಾತೂ ಅನ್ನಲಿಲ್ಲ. ಅವನ ತಾಯಿ ಫೋನಿನಲ್ಲಿ "ನೀವು ಓದಿದ್ದಿರಲ್ರೀ" ಅಂದರು. ಅಂದಿನಿಂದ ಅನುಬಂಧದಿಂದಲೇ ಓದಲು ಶುರು ಮಾಡುತ್ತೇನೆ.

ಆ ಗುರುವಾರಕ್ಕೆ ಬರುತ್ತೇನೆ. ಹುಡುಗ ಅಲ್ಲಿಯವರೆಗೆ ಮಾತೇ ಆಡಿರಲಿಲ್ಲ, ಎಡಗೈ ಬೆರಳಿಗೆ ಸುತ್ತಿದ ಟೇಪು ಕೀಳುತ್ತ ಕೂತಿದ್ದ. "ತಮ್ಮಾ, ನಿನಗ ಆರಿಸಾಕ ಬಿಟ್ಟಿದ್ರ ಯಾವ ಊರಿನ ಟೀಮ್ ಬೇಡತಿದ್ದಿ?" ಎಂದು ಕೇಳಿದೆ. ಬೆಂಗಳೂರು ಅನ್ನುತ್ತಾನೆ ಅಂದುಕೊಂಡಿದ್ದೆ.

"ಊರು ಯಾವುದಾದ್ರೂ ನಡೀತೈತ್ರಿ ಸರ. ಆ ಟೀಮಿನ್ಯಾಗ ಮೊದಲ ಇಬ್ರು ಲೆಫ್ಟ್ ರೇಡರ್ ಅದಾರ್ರಿ. ನಾ ಮೂರನೇದಾಂವ. ನನಗ ಮ್ಯಾಟ್ ಸಿಗಂಗಿಲ್ರಿ."

ಅಷ್ಟು ಪುಟ ಓದಿ, ಅಷ್ಟು ತೀರ್ಪು ನೆನಪಿಟ್ಟುಕೊಂಡ ನನಗೆ ಇದು ಹೊಳೆದಿರಲಿಲ್ಲ. ಲೀಗ್ ಕಬಡ್ಡಿಯಲ್ಲಿ ಊರು ಅನ್ನುವುದು ಬನಿಯನ್ನಿನ ಮೇಲಿನ ಹೆಸರು ಅಷ್ಟೇ. 2025ರ ಪ್ರೊ ಕಬಡ್ಡಿಯಲ್ಲಿ 12 ತಂಡಗಳಿದ್ದರೂ ಪಂದ್ಯ ನಡೆದದ್ದು ವಿಶಾಖಪಟ್ಟಣ, ಜೈಪುರ, ಚೆನ್ನೈ, ದೆಹಲಿಯಲ್ಲಿ. ಬೆಂಗಳೂರಿನ ತಂಡ ಬೆಂಗಳೂರಿನಲ್ಲಿ ಆಡಲೇ ಇಲ್ಲ. ಆದರೆ ಮ್ಯಾಟಿನ ಮೇಲೆ ಏಳೇ ಜನ. ದಾಳಿಗೆ ಯಾವ ಬದಿಯಿಂದ ಹೋಗುತ್ತಾನೆ ಎನ್ನುವುದರ ಮೇಲೆ ರೇಡರನ ಜಾಗ ನಿಂತಿರುತ್ತದೆ. ಒಂದೇ ಬದಿಯ ಇಬ್ಬರು ದೊಡ್ಡವರಿರುವ ತಂಡಕ್ಕೆ ಬಿದ್ದರೆ ಇಡೀ ಋತು ಬೆಂಚು. ಬೆಂಚಿನ ಮೇಲೆ ಕೂತವನನ್ನು ಮುಂದಿನ ಹರಾಜಿನಲ್ಲಿ ಯಾರು ಕೂಗುತ್ತಾರೆ? ಮೆಣಸಿನಕಾಯಿಯನ್ನು ಕೋಲ್ಡ್ ಸ್ಟೋರೇಜಿನಲ್ಲಿಟ್ಟರೆ ಮುಂದಿನ ವರ್ಷಕ್ಕೂ ಬಣ್ಣ ಉಳಿಯುತ್ತದೆ. ಹತ್ತೊಂಬತ್ತರ ಮೊಣಕಾಲನ್ನು ಎಲ್ಲಿಡುವುದು?

ತಂಡಕ್ಕೆ ಮೂರು ತಿದ್ದುಪಡಿ ಬರೆದು ಕಳಿಸಿದೆ. ತಂಡದ ಇಚ್ಛೆಯಂತೆ ಕರಾರು ಮುಂದುವರಿಸುವ ಕಲಮು ತೆಗೆಯಬೇಕು. ಇಡೀ ಋತುವಿನಲ್ಲಿ ಇಂತಿಷ್ಟು ಪಂದ್ಯ ಆಡಿಸದಿದ್ದರೆ ಬಿಟ್ಟುಕೊಡಬೇಕು. ಅಭ್ಯಾಸದಲ್ಲಿ ಆದ ಗಾಯಕ್ಕೂ ಋತು ಮುಗಿದ ಮೇಲೆ ಆರು ತಿಂಗಳು ಚಿಕಿತ್ಸೆಯ ಖರ್ಚು ಕೊಡಬೇಕು. ನಾಲ್ಕು ದಿನಕ್ಕೆ ಉತ್ತರ ಬಂತು. ಮೊದಲಿನವೆರಡೂ "ಎಲ್ಲ ಆಟಗಾರರಿಗೂ ಒಂದೇ ನಮೂನೆ" ಎಂದು ತಳ್ಳಿಹೋದವು. ಮೂರನೆಯದಕ್ಕೆ ಮೂರು ತಿಂಗಳೆಂದು ಒಪ್ಪಿದರು.

ಸಹಿ ಮಾಡಲು ಮುಂದಿನ ಬುಧವಾರ ಬಂದರು. ಹುಡುಗ ಪ್ರತಿ ಪುಟದ ಕೆಳಗೂ ಕನ್ನಡದಲ್ಲಿ, ಅಕ್ಷರ ಬಿಡಿಬಿಡಿಯಾಗಿ ಹೆಸರು ಬರೆದ. ಮೂವತ್ತೊಂದು ಸಲ. ಮುಗಿಸಿ, ಹುಬ್ಬಳ್ಳಿ ರೈಲ್ವೆಯ ಕ್ರೀಡಾ ಕೋಟಾಕ್ಕೆ ಅರ್ಜಿ ಕರೆದರೆ ಇದೇ ಕರಾರು ಅಡ್ಡ ಬರುತ್ತದೆಯೇ ಎಂದು ಕೇಳಿದ. ಟ್ರಯಲ್ಸಿಗೆ ಹೋಗಲು ಅಡ್ಡಿಯಿಲ್ಲ, ನೌಕರಿ ಸಿಕ್ಕರೆ ಸೇರುವ ಮೊದಲು ಕಾಗದ ಹಿಡಿದು ನನ್ನ ಹತ್ತಿರ ಬಾ ಅಂದೆ. ತಂದೆ ಗಡಿಯಾರ ನೋಡಿಕೊಂಡರು. ಮರುದಿನ ಟೆಂಡರಿಗೆ ಇಪ್ಪತ್ತೆರಡು ಚೀಲ ಇಡುವುದಿತ್ತು.