ಡ್ರೋನ್ ತಡೆಯುವ ಸಣ್ಣ ಕಂಪನಿಯ ಷೇರಿಗೆ ದುಡ್ಡು ಹಾಕಬಹುದಾ?

ಓದುಗರ ಪ್ರಶ್ನೆ: ಈಗ ಯಾವ ಯುದ್ಧ ನೋಡಿದರೂ ಡ್ರೋನ್‌ನದ್ದೇ ಸುದ್ದಿ. ಅವನ್ನು ತಡೆಯುವ ಉಪಕರಣ ಮಾಡುವವರಿಗೆ ಒಳ್ಳೇ ಕಾಲ ಅಂತಾರೆ. ಆಸ್ಟ್ರೇಲಿಯಾದ ಡ್ರೋನ್‌ಶೀಲ್ಡ್ ಹೆಸರು ಪದೇ ಪದೇ ಕಿವಿಗೆ ಬೀಳ್ತಿದೆ. ಇಂಥ ಸಣ್ಣ ಕಂಪನಿಯಲ್ಲಿ ದುಡ್ಡು ಹಾಕೋದು ಸರಿಯಾ? ಹಾಕೋ ಮುಂಚೆ ಏನೇನು ನೋಡಬೇಕು?

ಉತ್ತರ: ಇಂಥ ಉಪಕರಣಕ್ಕೆ ಬೇಡಿಕೆ ಇದೆಯಾ ಅಂತ ತಲೆ ಕೆಡಿಸಿಕೊಳ್ಳುವುದೇ ಬೇಡ. ಬೇಕಾದಷ್ಟಿದೆ. 2025ರ ಮೇ 8ರ ರಾತ್ರಿ ಪಾಕಿಸ್ತಾನ 36 ಜಾಗಗಳ ಮೇಲೆ 300ರಿಂದ 400 ಡ್ರೋನ್ ಬಿಟ್ಟಿತು ಎಂದು ನಮ್ಮ ಸೇನೆಯೇ ಹೇಳಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಡ್ರೋನ್ ಹಾರಾಟ ಕಂಡಿದ್ದಕ್ಕೆ ಕೋಪನ್‌ಹೇಗನ್ ವಿಮಾನ ನಿಲ್ದಾಣ ಸುಮಾರು ನಾಲ್ಕು ಗಂಟೆ ಬಂದ್ ಆಗಿತ್ತು. ಆದರೆ ಊರಿಗೆಲ್ಲ ಮಳೆ ಬಂದ ಮಾತ್ರಕ್ಕೆ ನಮ್ಮ ಕೆರೆ ತುಂಬಲ್ಲ, ಅಲ್ವಾ? ನೀರು ಈ ಕೆರೆಗೆ ಹರಿಯುತ್ತಾ, ಪ್ರತಿ ವರ್ಷ ಹರಿಯುತ್ತಾ, ಹರಿದದ್ದರಲ್ಲಿ ನಿಮ್ಮ ಪಾಲು ಎಷ್ಟು? ಇಷ್ಟು ನೋಡಬೇಕು. ನೀವು ಡ್ರೋನ್‌ಶೀಲ್ಡ್ ಹೆಸರು ಎತ್ತಿದ್ದು ಒಳ್ಳೇದೇ ಆಯಿತು. ಈ ಮೂರೂ ಅದರ ಲೆಕ್ಕಪತ್ರದಲ್ಲಿ ಚೆನ್ನಾಗಿ ಕಾಣುತ್ತವೆ.

ಸಿಡ್ನಿಯ ಈ ಕಂಪನಿ 2016ರ ಜೂನ್‌ನಲ್ಲಿ ಆಸ್ಟ್ರೇಲಿಯಾದ ಷೇರುಪೇಟೆಗೆ ಬಂತು. ಆಗ ಒಂದು ಷೇರಿಗೆ 20 ಸೆಂಟ್. ಬಂದೂಕಿನಂತೆ ಕೈಯಲ್ಲಿ ಹಿಡಿದು ಡ್ರೋನ್ ಕಡೆ ಗುರಿ ಇಡುವ ಜ್ಯಾಮರ್ ಇವರ ಹೆಸರಾದ ಸರಕು. ಅದರಿಂದ ಗುಂಡು ಹಾರಲ್ಲ. ಡ್ರೋನ್‌ಗೂ ಅದನ್ನು ಹಾರಿಸುವವನಿಗೂ ನಡುವೆ ಇರುವ ರೇಡಿಯೋ ಸಂಪರ್ಕವನ್ನು ಅದು ಕೆಡಿಸುತ್ತದೆ. ಸಿಗ್ನಲ್ ತಪ್ಪಿದ ಡ್ರೋನ್ ಅಲ್ಲೇ ಇಳಿಯುತ್ತದೆ, ಇಲ್ಲವೇ ಹೊರಟ ಜಾಗಕ್ಕೆ ವಾಪಸ್ ಹೋಗುತ್ತದೆ. ಸೈನಿಕ ಮೈಮೇಲೆ ಧರಿಸುವ, ಹತ್ತಿರ ಡ್ರೋನ್ ಬಂದರೆ ಎಚ್ಚರಿಸುವ ಸಣ್ಣ ಪೆಟ್ಟಿಗೆಯೂ ಇವರ ಹತ್ತಿರ ಇದೆ.

ಈಗ ಮಾರಾಟದ ಅಂಕಿ ನೋಡಿ. ಎಲ್ಲ ಆಸ್ಟ್ರೇಲಿಯನ್ ಡಾಲರ್‌ನಲ್ಲಿ. 2023ರಲ್ಲಿ 5.41 ಕೋಟಿ, ಜೊತೆಗೆ 93 ಲಕ್ಷ ಲಾಭ. 2024ರಲ್ಲಿ 5.75 ಕೋಟಿ ಮಾರಾಟ, ಆದರೆ 13 ಲಕ್ಷ ನಷ್ಟ. ಉಕ್ರೇನ್ ಹೊತ್ತಿ ಉರಿಯುತ್ತಿದ್ದ ವರ್ಷ ಅದು. ಇಡೀ ಜಗತ್ತು ಡ್ರೋನ್ ಅಂತ ಮಾತಾಡುತ್ತಿತ್ತು. ಆದರೂ ಕಂಪನಿ ಹೆಚ್ಚುಕಮ್ಮಿ ಇದ್ದಲ್ಲೇ ಇತ್ತು. ಆಮೇಲೆ 2025ರ ಜೂನ್‌ನಲ್ಲಿ ಯುರೋಪಿನ ಒಂದು ಸೇನೆಗಾಗಿ 6.16 ಕೋಟಿಯ ಆರ್ಡರ್ ಬಂತು. ಹಿಂದಿನ ಇಡೀ ವರ್ಷದ ಮಾರಾಟಕ್ಕಿಂತ ಈ ಒಂದು ಆರ್ಡರೇ ದೊಡ್ಡದು. 2025ರ ಮೊದಲ ಆರು ತಿಂಗಳಲ್ಲಿ 7.23 ಕೋಟಿ ಮಾರಾಟವಾದರೆ, ಮುಂದಿನ ಮೂರೇ ತಿಂಗಳಲ್ಲಿ 9.29 ಕೋಟಿ ಆಯಿತು.

ಈ ಉದ್ಯಮದ ನಡೆಯೇ ಹೀಗೆ. ಗಿರಾಕಿ ಅಂದರೆ ಸರ್ಕಾರ. ಸರ್ಕಾರ ಕೊಳ್ಳುವುದು ಬಜೆಟ್ ನೋಡಿ, ಪರೀಕ್ಷೆ ಮಾಡಿ, ಫೈಲು ಹತ್ತು ಮೇಜು ದಾಟಿದ ಮೇಲೆ. ಖಾಸಗಿ ಗಿರಾಕಿಗಳು ಈ ಅಂತರ ತುಂಬಿಕೊಡುತ್ತಾರೆ ಅಂತಲೂ ಇಲ್ಲ, ಯಾಕೆಂದರೆ ರೇಡಿಯೋ ಸಿಗ್ನಲ್ ಕೆಡಿಸುವ ಜ್ಯಾಮರ್ ಬಳಸಲು ಹೆಚ್ಚಿನ ದೇಶಗಳಲ್ಲಿ ಸಾಮಾನ್ಯ ಸಂಸ್ಥೆಗಳಿಗೆ ಅನುಮತಿ ಇಲ್ಲ. ನಮ್ಮಲ್ಲೂ ಕೇಂದ್ರದ ಸಂಪುಟ ಸಚಿವಾಲಯದ ನಿಯಮ ಬಿಗಿಯಾಗಿದೆ. ಹಾಗಾಗಿ ಒಂದು ಆರ್ಡರ್ ಮೂರು ತಿಂಗಳು ಮುಂದೆ ಹೋದರೆ ಆ ವರ್ಷದ ಲೆಕ್ಕವೇ ತಲೆಕೆಳಗು. ಮುಂಬೈನಲ್ಲಿ ಡ್ರೋನ್ ತಯಾರಿಸುವ ಐಡಿಯಾಫೋರ್ಜ್ ನೋಡಿ. ತಡೆಯುವ ಕಂಪನಿ ಅಲ್ಲ, ಆದರೆ ದೊಡ್ಡ ಗಿರಾಕಿ ಸರ್ಕಾರವೇ. 2023–24ರಲ್ಲಿ ಅದರ ಆದಾಯ 314 ಕೋಟಿ ರೂಪಾಯಿ. ಮರುವರ್ಷ ಸುಮಾರು 161 ಕೋಟಿ! 672 ರೂಪಾಯಿಗೆ ಕೊಟ್ಟ ಷೇರು 2023ರ ಜುಲೈನಲ್ಲಿ 1,300 ರೂಪಾಯಿಗೆ ಪೇಟೆಗೆ ಇಳಿದಿತ್ತು. ಆ ಸಂಭ್ರಮದ ದಿನ ಕೊಂಡವರು ಆಮೇಲೆ ಅರ್ಧಕ್ಕಿಂತ ಹೆಚ್ಚು ಕಳಕೊಂಡರು.

ಹಾಗಾಗಿ ನಾನು ಇಂಥ ಕಂಪನಿ ನೋಡುವಾಗ ಒಂದು ಹಳೇ ನೋಟ್‌ಬುಕ್ ತೆಗೆದು, ಹಾಳೆ ಮಧ್ಯೆ ಗೆರೆ ಎಳೆಯುತ್ತೇನೆ. ಎಡಗಡೆ ಕಂಪನಿ ಹೇಳಿದ್ದು, ಬಲಗಡೆ ಕೈಗೆ ಬಂದದ್ದು. ‘ಇಷ್ಟು ಕೋಟಿಯ ಅವಕಾಶ ನಮ್ಮ ಮುಂದಿದೆ’ ಅನ್ನುವುದು ಎಡಕ್ಕೆ. ಟೆಂಡರ್‌ನಲ್ಲಿ ಭಾಗವಹಿಸಿದ್ದೂ ಎಡಕ್ಕೆ. ಸಹಿ ಆದ ಆರ್ಡರನ್ನು ಗೆರೆ ಮೇಲೆ ಬರೆಯುತ್ತೇನೆ. ಸರಕು ಹೋಗಿ ದುಡ್ಡು ಬಂದರೆ ಮಾತ್ರ ಬಲಕ್ಕೆ. ಎಡಗಡೆ ತುಂಬಿ ತುಳುಕುತ್ತಾ ಬಲಗಡೆ ಎರಡೇ ಸಾಲು ಇದ್ದರೆ ಪುಸ್ತಕ ಮುಚ್ಚಿ ಎದ್ದುಬಿಡುತ್ತೇನೆ. ಅದೇ ಗಿರಾಕಿ ಎರಡನೇ ಸಲ, ಮೂರನೇ ಸಲ ಬಂದಿದ್ದರೆ ಅದರ ಪಕ್ಕ ಒಂದು ಸುತ್ತು ಹಾಕುತ್ತೇನೆ. ಸೈನಿಕರು ಬಳಸಿ ನೋಡಿ ಮತ್ತೆ ಕೇಳಿದ್ದಾರೆ ಅಂದರೆ ಸರಕಿನ ಬಗ್ಗೆ ಅದಕ್ಕಿಂತ ಒಳ್ಳೇ ಸಾಕ್ಷಿ ಬೇಕಿಲ್ಲ.

ಇನ್ನು ಬೆಲೆ. 2025ರ ಅಕ್ಟೋಬರ್‌ನಲ್ಲಿ ಡ್ರೋನ್‌ಶೀಲ್ಡ್ ಷೇರು 6 ಡಾಲರ್ ದಾಟಿತ್ತು. ಷೇರುಗಳು ಸುಮಾರು 90 ಕೋಟಿ. ಗುಣಿಸಿದರೆ ಇಡೀ ಕಂಪನಿಯ ಬೆಲೆ 540 ಕೋಟಿ ಡಾಲರ್ ಆಯಿತು. ಆ ವರ್ಷದ ಒಂಬತ್ತು ತಿಂಗಳ ಮಾರಾಟ ಸುಮಾರು 16.5 ಕೋಟಿ. ಅದೇ ವೇಗದಲ್ಲಿ ಹೋದರೆ ವರ್ಷಕ್ಕೆ 22 ಕೋಟಿ ಅಂತಿಟ್ಟುಕೊಳ್ಳಿ. ಅಂದರೆ ಜನ ವರ್ಷದ ಮಾರಾಟದ ಸುಮಾರು 25 ಪಟ್ಟು ಕೊಡುತ್ತಿದ್ದರು. ಗಮನಿಸಿ, ಲಾಭದ 25 ಪಟ್ಟು ಅಂತ ಹೇಳ್ತಿಲ್ಲ, ಮಾರಾಟದ್ದು. ಆ ಬೆಲೆಗೆ ಕೊಂಡವರು ಮುಂದಿನ ಎಷ್ಟೋ ವರ್ಷದ ಬೆಳವಣಿಗೆಗೆ ಮುಂಗಡವಾಗಿಯೇ ದುಡ್ಡು ಕಟ್ಟಿಬಿಟ್ಟಿದ್ದರು. ಕಂಪನಿ ಚೆನ್ನಾಗಿ ಓಡಿದರೂ ಅವರಿಗೆ ಲಾಭ ಸಿಗುವ ಗ್ಯಾರಂಟಿ ಇರಲಿಲ್ಲ. ಎಡವಿದರಂತೂ ಕೇಳುವುದೇ ಬೇಡ.

ಎಡವಿದ್ದು ನವೆಂಬರ್‌ನಲ್ಲಿ. 10ನೇ ತಾರೀಕು ಅಮೆರಿಕದಿಂದ 76 ಲಕ್ಷ ಡಾಲರ್‌ನ ಹೊಸ ಆರ್ಡರ್ ಬಂದಿದೆ ಎಂದು ಕಂಪನಿ ಪ್ರಕಟಿಸಿತು. ಅವು ಹಳೇ ಆರ್ಡರ್‌ಗಳ ತಿದ್ದುಪಡಿ, ತಪ್ಪಾಗಿ ಹೊಸದು ಅಂತ ಬಂದಿದೆ ಎಂದು ಅದೇ ದಿನ ವಾಪಸ್ ತೆಗೆದುಕೊಂಡಿತು. ಎರಡು ಮೂರು ದಿನದಲ್ಲೇ ಸಿಇಒ ಒಲೆಗ್ ವೋರ್ನಿಕ್ ಸುಮಾರು 4.95 ಕೋಟಿ ಡಾಲರ್ ಬೆಲೆಯ ತಮ್ಮ ಷೇರು ಮಾರಿದ್ದು ಹೊರಬಂತು. ಅಧ್ಯಕ್ಷರೂ ಇನ್ನೊಬ್ಬ ನಿರ್ದೇಶಕರೂ ಮಾರಿದ್ದರು. ಷೇರು ಒಂದೇ ದಿನ ಸುಮಾರು ಶೇ. 30 ಬಿತ್ತು. ಮುಂದಿನ ವಾರ ಅಮೆರಿಕದ ವ್ಯವಹಾರ ನೋಡಿಕೊಳ್ಳುತ್ತಿದ್ದ ಮುಖ್ಯಸ್ಥರು ರಾಜೀನಾಮೆ ಕೊಟ್ಟರು, ಬೆಲೆ ಮತ್ತೆ ಕುಸಿಯಿತು. ತಮ್ಮ ಷೇರು ಮಾರಿಕೊಳ್ಳುವುದು ತಪ್ಪು ಅಂತ ನಾನು ಹೇಳಲ್ಲ. ಆದರೆ ಕಂಪನಿಯನ್ನು ಒಳಗಿಂದ ಬಲ್ಲವರು ಒಟ್ಟಿಗೆ ಹೊರಟಾಗ, ಹೊರಗಿನವರಾದ ನಾವು ಆ ಬೆಲೆಯನ್ನು ಮತ್ತೊಮ್ಮೆ ಯೋಚಿಸಲೇಬೇಕು. ಆ ವಾರಗಳಲ್ಲಿ ಉಪಕರಣ ಕೆಟ್ಟಿರಲಿಲ್ಲ, ಬೇಡಿಕೆ ಇಳಿದಿರಲಿಲ್ಲ. ಡಿಸೆಂಬರ್‌ನಲ್ಲಿ ಯುರೋಪಿನಿಂದ ಇನ್ನೊಂದು 4.96 ಕೋಟಿಯ ಆರ್ಡರ್ ಕೂಡ ಬಂತು. ಪೆಟ್ಟು ಬಿದ್ದದ್ದು ನಂಬಿಕೆಗೆ. ಅಷ್ಟು ದುಬಾರಿ ಬೆಲೆ ನಿಂತಿದ್ದೂ ಅದರ ಮೇಲೇ.

ಹೊಸ ಷೇರು ಎಷ್ಟು ಬಿಡುಗಡೆ ಆಗುತ್ತಿದೆ ಅನ್ನುವುದನ್ನೂ ಮರೆಯಬೇಡಿ. ಸಣ್ಣ ರಕ್ಷಣಾ ಕಂಪನಿಗೆ ಬಿಡಿಭಾಗ ಕೂಡಿಡಲು, ಆರ್ಡರ್ ಬರುವ ಮೊದಲೇ ಸರಕು ಮಾಡಿಟ್ಟುಕೊಳ್ಳಲು ದುಡ್ಡು ಬೇಕು. ಅದು ಬರುವುದು ಹೊಸ ಷೇರು ಮಾರಿ. 2024ರ ಜುಲೈ ಮಧ್ಯದಲ್ಲಿ ಡ್ರೋನ್‌ಶೀಲ್ಡ್ ಷೇರು ಎರಡೂವರೆ ಡಾಲರ್ ಮುಟ್ಟಿತ್ತು. ಕೆಲವೇ ವಾರದಲ್ಲಿ ಕಂಪನಿ ತಲಾ 1.15 ಡಾಲರ್‌ಗೆ ಹೊಸ ಷೇರು ಕೊಟ್ಟು 12 ಕೋಟಿ ಎತ್ತಿತು. ಕಂಪನಿಗೆ ಬಲ ಬಂತು, ಹಳೇ ಷೇರುದಾರರ ಪಾಲು ತೆಳುವಾಯಿತು. ನಾಲ್ಕು ಜನರಿಗೆ ಮಾಡಿದ ಸಾರಿಗೆ ನೀರು ಬೆರೆಸಿ ಆರು ಜನರಿಗೆ ಬಡಿಸಿದ ಹಾಗೆ. ಆ ದುಡ್ಡಿನಿಂದ ಮುಂದೆ ದೊಡ್ಡ ಆರ್ಡರನ್ನು ಬೇಗ ಪೂರೈಸಲು ಆಗುವುದಾದರೆ ಸರಿ. ಪ್ರತಿ ವರ್ಷ ಖರ್ಚು ತೂಗಿಸಲಿಕ್ಕೇ ಹೀಗೆ ಮಾಡುವ ಕಂಪನಿಯಿಂದ ದೂರ ಇರಿ.

ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ಹುಟ್ಟಿಸುವುದು ತಂತ್ರಜ್ಞಾನ. 2024ರಿಂದ ಉಕ್ರೇನ್ ರಣರಂಗದಲ್ಲಿ ದಾರ ಬಿಚ್ಚಿಕೊಂಡು ಹಾರುವ ಡ್ರೋನ್‌ಗಳು ಹೆಚ್ಚಾದವು. ಹಿಂದೆ ಕೂದಲೆಳೆಯಂಥ ಆಪ್ಟಿಕಲ್ ಫೈಬರ್ ಕಿಲೋಮೀಟರ್‌ಗಟ್ಟಲೆ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಸಿಗ್ನಲ್ ಎಲ್ಲ ಆ ದಾರದೊಳಗೆ. ಗಾಳಿಯಲ್ಲಿ ರೇಡಿಯೋ ತರಂಗವೇ ಇಲ್ಲದ ಮೇಲೆ ಜ್ಯಾಮರ್ ಕೆಡಿಸುವುದಾದರೂ ಏನನ್ನು? ರೇಡಿಯೋ ಸದ್ದು ಕೇಳಿ ಎಚ್ಚರಿಸುವ ಪೆಟ್ಟಿಗೆಗೂ ಅದು ಕಾಣಲ್ಲ. ಅದಕ್ಕೆ ರೇಡಾರ್, ಕ್ಯಾಮೆರಾ ಬೇಕು. ಹೊಡೆದುರುಳಿಸಲು ಬಂದೂಕು, ಬಲೆ, ಇಲ್ಲವೇ ಎದುರಿಂದ ಹೋಗಿ ಗುದ್ದುವ ಇನ್ನೊಂದು ಡ್ರೋನ್ ಬೇಕು. ಹಾಗಂತ ಜ್ಯಾಮರ್ ಕಾಲ ಮುಗಿಯಿತು ಅಂತಲ್ಲ. ವಿಮಾನ ನಿಲ್ದಾಣ, ಜೈಲು, ಸೇನಾ ನೆಲೆ ಸುತ್ತ ಹಾರುವ ಸಾಮಾನ್ಯ ಡ್ರೋನ್‌ಗೆ ಅದು ಈಗಲೂ ಒಳ್ಳೇ ಮದ್ದು. ಹೊಸ ಡ್ರೋನ್‌ಗಳನ್ನು ಗುರುತಿಸಲು ಸಾಫ್ಟ್‌ವೇರ್ ಅಪ್‌ಡೇಟನ್ನು ಚಂದಾ ಲೆಕ್ಕದಲ್ಲಿ ಮಾರುವುದೂ ಜಾಣತನ, ಪ್ರತಿ ವರ್ಷ ಆದಾಯ ಬರುತ್ತೆ. ಆದರೆ ಒಂದೇ ಬಗೆಯ ಸರಕು ನೆಚ್ಚಿಕೊಂಡ ಕಂಪನಿಗೆ ನಾನು ಹತ್ತು ವರ್ಷದ ಭರವಸೆ ಇಡಲ್ಲ.

ಎದುರಾಳಿಗಳೂ ಸಣ್ಣವರಲ್ಲ. ಅಮೆರಿಕದ ಆರ್‌ಟಿಎಕ್ಸ್, ಆಂಡುರಿಲ್, ಇಸ್ರೇಲ್‌ನ ರಫಾಯೆಲ್‌ನಂಥ ರಕ್ಷಣಾ ಕಂಪನಿಗಳೆಲ್ಲ ಇದೇ ಕಣದಲ್ಲಿವೆ. ನಮ್ಮಲ್ಲಿ ಡಿಆರ್‌ಡಿಒ ಅಭಿವೃದ್ಧಿಪಡಿಸಿದ, ಡ್ರೋನ್ ಪತ್ತೆಹಚ್ಚಿ ತಡೆಯುವ ಡಿ4 ವ್ಯವಸ್ಥೆಯನ್ನು ಬೆಂಗಳೂರಿನ ಬಿಇಎಲ್ ತಯಾರಿಸುತ್ತದೆ. ರೇಡಾರ್‌ನಿಂದ ಹಿಡಿದು ಸಂಪರ್ಕ ಉಪಕರಣದವರೆಗೆ ಬೇರೆ ಬೇರೆ ಆದಾಯ ಇರುವ ಕಂಪನಿ ಅದು. ಡ್ರೋನ್ ಆರ್ಡರ್ ಒಂದು ವರ್ಷ ಬರದಿದ್ದರೂ ಅದರ ಒಲೆ ಆರಲ್ಲ. ಏರಿದರೆ ಸಣ್ಣ ಕಂಪನಿಯಷ್ಟು ಜೋರಾಗಿ ಏರುವುದೂ ಇಲ್ಲ.

ಹಾಗಾದರೆ ಹಾಕಬಹುದಾ? ಮನೆ ಸಾಲದ ಕಂತು, ಮಕ್ಕಳ ಫೀಸು, ಅಪ್ಪ ಅಮ್ಮನ ಆಸ್ಪತ್ರೆ ಖರ್ಚಿನ ದುಡ್ಡು ಇಲ್ಲಿಗೆ ಖಂಡಿತ ಬೇಡ. ಅರ್ಧ ಹೋದರೂ ಸಂಸಾರ ಅಲುಗದಷ್ಟು ಸಣ್ಣ ಮೊತ್ತ ಇದ್ದರೆ ಹಾಕಿ, ಅದನ್ನೂ ಒಂದೇ ಸಲ ಹಾಕಬೇಡಿ. ದೊಡ್ಡ ಆರ್ಡರ್ ಸುದ್ದಿ ಬಂದ ದಿನವಂತೂ ಕೊಳ್ಳಲೇಬೇಡಿ, ಅವತ್ತು ಎಲ್ಲರೂ ನುಗ್ಗಿರುತ್ತಾರೆ. ಭಾರತದಲ್ಲಿದ್ದು ಹೊರದೇಶದ ಷೇರು ಕೊಂಡರೆ ಅದನ್ನು ಆದಾಯ ತೆರಿಗೆ ರಿಟರ್ನ್‌ನಲ್ಲಿ ವಿದೇಶಿ ಆಸ್ತಿ ಎಂದು ತೋರಿಸಬೇಕು. ಡಾಲರ್-ರೂಪಾಯಿ ಏರಿಳಿತವೂ ನಿಮ್ಮದೇ ತಲೆಮೇಲೆ.

ಡ್ರೋನ್‌ಶೀಲ್ಡ್ ಮೂರು ತಿಂಗಳಿಗೊಮ್ಮೆ ನಗದು ಲೆಕ್ಕದ ವರದಿ ಕೊಡುತ್ತದೆ, ಆಸ್ಟ್ರೇಲಿಯಾ ಷೇರುಪೇಟೆಯ ಸೈಟಿನಲ್ಲಿ ಪುಕ್ಕಟೆ ಸಿಗುತ್ತೆ. ಅದರ ಮೊದಲ ಸಾಲೇ ಗಿರಾಕಿಗಳಿಂದ ಬಂದ ಹಣ. ಹಿಂದಿನ ನಾಲ್ಕು ವರದಿ ತೆಗೆದು ಆ ಒಂದು ಸಾಲನ್ನು ಒಂದರ ಕೆಳಗೊಂದು ಬರೆಯಿರಿ. ಹತ್ತು ನಿಮಿಷದ ಕೆಲಸ. ಷೇರು ಕೊಳ್ಳುವ ಮಾತು ಅದಾದ ಮೇಲೆ.