ಕರುಳಿನ ಶಸ್ತ್ರಚಿಕಿತ್ಸೆ ಆದವರಿಗೆ ಮುದ್ದೆ ಯಾವಾಗ?

ಹಾಸನದಲ್ಲಿ ಆಹಾರ ತಜ್ಞೆಯಾಗಿರುವ ನನ್ನನ್ನು ಕರುಳಿನ ಶಸ್ತ್ರಚಿಕಿತ್ಸೆ ಆದವರ ಮನೆಯವರು ಹೆಚ್ಚಾಗಿ ಕೇಳುವುದು ಇದನ್ನೇ: "ಅಪ್ಪನಿಗೆ ಮುದ್ದೆ ಯಾವಾಗ ಕೊಡಬಹುದು ಮೇಡಂ?" ಮುದ್ದೆ ಉಂಡು ಬೆಳೆದ ಮೈಗೆ ಅದಿಲ್ಲದ ಊಟ ಊಟವೇ ಅಲ್ಲ. ಆದರೆ ಮುದ್ದೆಯನ್ನು ನಾವು ಅಗಿಯುವುದಿಲ್ಲ, ನುಂಗುತ್ತೇವೆ. ತೊಡಕಿರುವುದು ಅಲ್ಲಿ. ಕತ್ತರಿಸಿ ಜೋಡಿಸಿದ ಜಾಗ ಕೆಲವು ವಾರ ಊದಿಕೊಂಡು ದಾರಿ ಕಿರಿದಾಗಿರುತ್ತದೆ. ಹಾಗಾಗಿ ಸಾಮಾನ್ಯವಾಗಿ ಮೊದಲ 4ರಿಂದ 6 ವಾರ ನಾರು ಕಡಿಮೆಯಿರುವ, ಬಾಯಲ್ಲೇ ನುಣ್ಣಗಾಗುವ ಆಹಾರ ಬೇಕು.

ಅದಕ್ಕಾಗಿ ರಾಗಿಯನ್ನೇ ಬಿಡಬೇಕಾಗಿಲ್ಲ. ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಸೋಸಿದ ರಾಗಿಹಾಲನ್ನು ಕಾಯಿಸಿ ಮಣ್ಣಿ ಮಾಡಿಕೊಡಿ. ಹೊಟ್ಟು ಬಟ್ಟೆಯಲ್ಲೇ ಉಳಿಯುತ್ತದೆ. ವೈದ್ಯರು ಒಪ್ಪಿದ ಮೇಲೆ ಮೆತ್ತಗಿನ ಮುದ್ದೆಯನ್ನು ಚಿಕ್ಕ ಚಿಕ್ಕದಾಗಿ ಮುರಿದು, ತಿಳಿಸಾರಿನಲ್ಲಿ ಅದ್ದಿ, ಬಾಯಲ್ಲಿ ಕರಗಿಸಿಕೊಂಡು ಉಣ್ಣಬಹುದು.

ನನ್ನನ್ನು ಹೆಚ್ಚು ಕಾಡುವುದು ಭಯದ ಪಥ್ಯ. ತಿಂಗಳುಗಟ್ಟಲೆ ಗಂಜಿ, ಉಪ್ಪು, ಒಂದಿಷ್ಟು ತಿಳಿಸಾರು. ಗಾಯ ಮಾಯಲು ಬೇಕಾದ ಪ್ರೋಟೀನ್ ಇದರಲ್ಲಿ ಎಲ್ಲಿಂದ ಬರಬೇಕು? ಚೇತರಿಕೆಯ ಕಾಲದಲ್ಲಿ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 60 ಕಿಲೋ ತೂಗುವವರಿಗೆ ಇದು 72ರಿಂದ 90 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ ಇರುತ್ತದೆ. ಗಂಜಿಯ ಬಟ್ಟಲಲ್ಲಿ ಅಷ್ಟೂ ಇರುವುದಿಲ್ಲ. ಮೊಟ್ಟೆ, ಮುಳ್ಳು ಬಿಡಿಸಿದ ಮೀನು, ಮೊಸರು, ಹೆಸರುಬೇಳೆ ತೊವ್ವೆ, ಇಡ್ಲಿ ಇವನ್ನು ದಿನಕ್ಕೆ ಐದಾರು ಬಾರಿ, ಸ್ವಲ್ಪ ಸ್ವಲ್ಪವಾಗಿ ಕೊಡಿ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಪ್ರೋಟೀನಿನ ಪ್ರಮಾಣವನ್ನು ವೈದ್ಯರಿಂದಲೇ ತಿಳಿದುಕೊಳ್ಳಬೇಕು.

ಸಣ್ಣಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು ಚೀಲ ಅಂಟಿಸಿದ್ದರೆ, ಅಂದರೆ ಇಲಿಯೋಸ್ಟಮಿ ಆಗಿದ್ದರೆ, ನೀರಿನ ಲೆಕ್ಕವೇ ಬೇರೆ. ನೀರನ್ನೂ ಉಪ್ಪನ್ನೂ ಹೀರಿಕೊಳ್ಳುವ ದೊಡ್ಡಕರುಳು ಇಲ್ಲಿ ಕೆಲಸದಲ್ಲಿಲ್ಲ. ಚೀಲ ಬೇಗ ಬೇಗ ತುಂಬಿದಾಗ ಬಾಯಾರುತ್ತದೆ. ಮನೆಯವರು ಅಕ್ಕರೆಯಿಂದ ಚೊಂಬುಗಟ್ಟಲೆ ನೀರು, ಎಳನೀರು ಕುಡಿಸುತ್ತಾರೆ. ಸೋಡಿಯಂ ಕಡಿಮೆಯಿರುವ ಪಾನೀಯ ಹೆಚ್ಚಾದರೆ ದೇಹದ ಸೋಡಿಯಂ ಕರುಳಿಗೆ ಇಳಿದು, ಅದರ ಹಿಂದೆಯೇ ನೀರೂ ಹೋಗುತ್ತದೆ. ಎಳನೀರಿನಲ್ಲಿ ಪೊಟ್ಯಾಸಿಯಂ ಬಹಳ, ಸೋಡಿಯಂ ಕಡಿಮೆ. ಆಗ ಬೇಕಾದದ್ದು ಓಆರ್‌ಎಸ್. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ, ಗುಟುಕು ಗುಟುಕಾಗಿ ಕುಡಿಸಿ. ಚೀಲದಿಂದ ದಿನಕ್ಕೆ ಒಂದೂವರೆ ಲೀಟರ್ ಮೀರಿ ಹೋದರೆ ಅಂದೇ ವೈದ್ಯರಿಗೆ ತಿಳಿಸಬೇಕು.

ಚೀಲ ಇರುವವರಿಗೆ ಮಲೆನಾಡಿನ ಮಳೆಗಾಲದ ಅಡುಗೆಮನೆಯಲ್ಲಿ ಎಚ್ಚರ ಬೇಕು. ಕಳಲೆ, ಅಣಬೆ, ಮುಸುಕಿನ ಜೋಳ, ಹಲಸಿನ ತೊಳೆ, ಕಿತ್ತಳೆಯ ಬಿಳಿನಾರು ಇವೆಲ್ಲ ಕರುಳಿನಲ್ಲಿ ಸಿಕ್ಕಿಕೊಳ್ಳಬಲ್ಲವು. ಪಲ್ಯದ ಮೇಲಿನ ಕಾಯಿತುರಿಯೂ ಹಾಗೆಯೇ. ಅದರ ಬದಲು ಕಾಯಿಹಾಲು ಬಳಸಿ. ಅವರೆಯ ಆಸೆಯಿದ್ದರೆ ವಾರಗಳು ಕಳೆದ ಮೇಲೆ ಹಿತಕಿದ ಬೇಳೆಯಿಂದ, ಒಂದೆರಡು ಚಮಚದಿಂದ ಶುರುಮಾಡಿ. ಚೀಲಕ್ಕೆ ಕೆಲವು ಗಂಟೆ ಏನೂ ಬಾರದೆ, ಹೊಟ್ಟೆ ಹಿಂಡಿ ವಾಂತಿಯಾದರೆ ಜೀರಿಗೆ ಕಷಾಯ ಕುಡಿಸುತ್ತಾ ಬೆಳಗಾಗಲಿ ಎಂದು ಕಾಯಬೇಡಿ. ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ಮನೆಗಳಿಂದ ಆಸ್ಪತ್ರೆ ಸೇರುವುದಕ್ಕೇ ಹೊತ್ತು ಬೇಕು. ಕೂಡಲೇ ಹೊರಡಿ.

ಇನ್ನೊಂದನ್ನು ಮನೆಗೆ ಹೊರಡುವ ಮೊದಲೇ ಕೇಳಿಕೊಳ್ಳಿ: ಸಣ್ಣಕರುಳಿನ ಕೊನೆಯ ಭಾಗವನ್ನು ತೆಗೆದಿದ್ದಾರೆಯೇ, ಎಷ್ಟು ಉದ್ದ? ಬಿ12 ಜೀವಸತ್ವ ಹೀರಲ್ಪಡುವುದು ಅಲ್ಲಿ. ಯಕೃತ್ತಿನಲ್ಲಿ ಅದರ ದಾಸ್ತಾನು ಇರುವುದರಿಂದ ಕೊರತೆ ವರ್ಷಗಳ ನಂತರ, ಕಾಲು ಜೋಮು ಹಿಡಿಯುವ ರೂಪದಲ್ಲಿ ಬರಬಹುದು. ಆ ಹೊತ್ತಿಗೆ ಶಸ್ತ್ರಚಿಕಿತ್ಸೆ ಯಾರ ನೆನಪಿನಲ್ಲೂ ಇರುವುದಿಲ್ಲ. ಆ ಉದ್ದವನ್ನು ಡಿಸ್ಚಾರ್ಜ್ ಪತ್ರದಲ್ಲಿ ಬರೆಸಿಕೊಂಡು, ಬಿ12 ಪರೀಕ್ಷೆ ಯಾವಾಗ ಮಾಡಿಸಬೇಕು, ಚುಚ್ಚುಮದ್ದು ಬೇಕೇ ಎಂದು ವೈದ್ಯರನ್ನು ಕೇಳಿ.